ಗಲಾಟೆಗೂ ಒಂದು ಹೊತ್ತು

ಕಿರುಬೆರಳೆತ್ತಿ ನಿಂತಿದ್ದ ಹುಡುಗ ಕಾಲು ಬದಲಿಸುತ್ತಿದ್ದ. ‘ಮಿಸ್, ಒಂದಕ್ಕೆ.’ ಎರಡನೇ ಕ್ಲಾಸಿನವನು. ‘ಈಗ ತಾನೇ ಬೆಲ್ ಆಗಿದೆ, ಕೂತ್ಕೋ’ ಅಂದೆ. ಕೂತ. ನಾನು ಪಕ್ಕದ ಕೊಠಡಿಯ ಮಕ್ಕಳಿಗೆ ಲೆಕ್ಕ ಹಾಕಿಕೊಟ್ಟು ಬರುವಷ್ಟರಲ್ಲಿ ಕರಿಹಲಗೆಯ ಮೂಲೆಯಲ್ಲಿ ‘ಮಾತಾಡಿದವರು’ ಎಂಬ ತಲೆಬರಹದ ಕೆಳಗೆ ಅವನ ಹೆಸರಿತ್ತು. ಹೆಸರಿನ ಮುಂದೆ ಎರಡು ಇಂಟು ಗುರುತು. ಪಕ್ಕದವನ ಸ್ಲೇಟು ಎಳೆದನಂತೆ, ಗಿಲ್ಲಿದನಂತೆ. ಬಾಗಿಲ ಬಳಿ ನಿಲ್ಲಿಸಿದೆ. ನಿಂತಲ್ಲೇ ಚಡ್ಡಿ ಒದ್ದೆಯಾಯಿತು. ತರಗತಿ ಗೊಳ್ಳೆಂದಿತು. ಅವನು ಅಳಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ನಡೆದ ಈ ಮಾತಿಗೆ ಹಲವು ವರ್ಷಗಳಾದವು. ಆ ಬೆನ್ನು ನನ್ನ ಕಣ್ಣಿಂದ ಹೋಗಿಲ್ಲ.

ಅವತ್ತು ಸಂಜೆ ಪಾಠ ಟಿಪ್ಪಣಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಲೆಕ್ಕ ಶುರು ಮಾಡಿದೆ. ಯಾರು ಗಲಾಟೆ ಮಾಡಿದರು ಎಂಬುದನ್ನು ಬಿಟ್ಟು, ಗಲಾಟೆ ಎಷ್ಟು ಹೊತ್ತಿಗೆ ಆಯಿತು ಎಂದಷ್ಟೇ ಗುರುತು ಹಾಕುವುದು. ಒಂದು ತಿಂಗಳಿಗೆ ಹಾಳೆ ತುಂಬಿತು. ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಗುರುತುಗಳು ಇರುವೆ ಸಾಲಿನಂತೆ ಮುತ್ತಿಕೊಂಡಿದ್ದವು. ಕೊನೆಯ ಪೀರಿಯಡ್ಡಿನಲ್ಲಿ ಇನ್ನಷ್ಟು. ಮಳೆ ಹಿಡಿದು ಮಕ್ಕಳು ಆಟಕ್ಕೆ ಹೊರಬೀಳದ ದಿನವಂತೂ ಮಧ್ಯಾಹ್ನದಿಂದ ಸಂಜೆಯವರೆಗೂ ಒಂದೇ ಗೆರೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು. ತುಂಟರ ಹೆಸರು ವಾರ ವಾರಕ್ಕೂ ಬದಲಾಗುತ್ತಿತ್ತು, ಹೊತ್ತು ಬದಲಾಗುತ್ತಿರಲಿಲ್ಲ.

ಆ ಹಾಳೆಯಿಂದ ನಾನು ಕಲಿತದ್ದನ್ನು ಬಿಎಡ್, ಡಿಎಡ್ ಯಾವುದೂ ಕಲಿಸಿರಲಿಲ್ಲ. ಆರೇಳು ವರ್ಷದ ಮಗುವಿನ ಅಶಿಸ್ತು ಬಹಳ ಸಲ ಹೊಟ್ಟೆಯಿಂದಲೋ, ಕಿಬ್ಬೊಟ್ಟೆಯಿಂದಲೋ, ಕೂತು ಜೋಮು ಹಿಡಿದ ಕಾಲಿನಿಂದಲೋ ಹೊರಡುತ್ತದೆ. ನಾವು ಅದನ್ನು ಮಗುವಿನ ಗುಣ ಎಂದು ಬರೆದುಬಿಡುತ್ತೇವೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದು, ಮಕ್ಕಳಿಗೆ ಬೆಳಗ್ಗೆ 150 ಎಂಎಲ್ ಬಿಸಿ ಹಾಲು ಸಿಗತೊಡಗಿದ ಮೇಲೆ ನಮ್ಮ ಶಾಲೆಯ ಹನ್ನೆರಡು ಗಂಟೆಯ ಜಗಳಗಳು ಕಣ್ಣಿಗೆ ಕಾಣುವಷ್ಟು ತಗ್ಗಿದವು. ಬೆಳಗ್ಗೆ ಏನೂ ತಿನ್ನದೆ ಬರುವ ಮಕ್ಕಳು ಎಷ್ಟಿದ್ದರು ಎಂಬುದು ಹಾಲಿನ ಲೋಟ ಖಾಲಿಯಾಗುವ ವೇಗದಲ್ಲೇ ಗೊತ್ತಾಗುತ್ತಿತ್ತು.

ಶಿಕ್ಷೆಯ ವಿಷಯದಲ್ಲಿ ನಮ್ಮ ನಾಡಿಗೆ ಹಳೆಯ ನೆನಪುಗಳಿವೆ. ಕೂಲಿಮಠದ ಐಗಳು ತೊಲೆಗೆ ಹಗ್ಗ ಕಟ್ಟಿ ಹುಡುಗರನ್ನು ಕೋದಂಡಕ್ಕೆ ಏರಿಸುತ್ತಿದ್ದರು. ಹಗ್ಗ ಹೋಯಿತು, ಹುಣಸೆ ಬರಲು ಬಂತು. ಬರಲು ಹೋಗಿ ಅಡಿಕೋಲು ಬಂತು. ಬಸ್ಕಿ, ಮೊಣಕಾಲೂರಿಸುವುದು, ಗೋಡೆಗೆ ಒರಗಿ ಇಲ್ಲದ ಕುರ್ಚಿಯ ಮೇಲೆ ಕೂರುವುದು, ಬೆರಳ ಸಂದಿಗೆ ಪೆನ್ಸಿಲ್ಲು, ಇವನ್ನೆಲ್ಲ ಅನುಭವಿಸಿದವರೇ ಇಂದು ಅಪ್ಪ ಅಮ್ಮಂದಿರಾಗಿ ಶಾಲೆಗೆ ಬಂದು, ‘ನಾಕು ಬಾರ್ಸಿ ಮಿಸ್, ನಾವೇನೂ ಕೇಳಲ್ಲ’ ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ಮೇಲಿನ ಕಾಳಜಿಯನ್ನು ಹೇಳಲು ಅವರಿಗೆ ಶಾಲೆ ಕಲಿಸಿದ ಭಾಷೆ ಅದೊಂದೇ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಶಿಸ್ತುಕ್ರಮ ಉಂಟು. ಎಂಟನೇ ತರಗತಿಯವರೆಗಿನ ಶಿಕ್ಷಣ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು 16ನೇ ಕಲಂ ಹೇಳುತ್ತದೆ. ಕಾಯ್ದೆ ಬಂದಾಗ ಸ್ಟಾಫ್ ರೂಮಿನಲ್ಲಿ ಎದ್ದ ಪ್ರಶ್ನೆ, ‘ಹೊಡೆಯೋ ಹಾಗಿಲ್ಲ, ಬೈಯೋ ಹಾಗಿಲ್ಲ, ಮತ್ತೆ ಹೇಗೆ ಸುಮ್ಮನೆ ಕೂರಿಸೋದು?’ ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ. ಐದು ತರಗತಿಗಳಿಗೆ ಇಬ್ಬರೇ ಇರುವ ಶಾಲೆಯಲ್ಲಿ ನಿಂತು ಕೇಳಿದರೆ ಮಾತ್ರ ಅದರ ಭಾರ ಗೊತ್ತಾಗುತ್ತದೆ. ಕಾಯ್ದೆ ಕೋಲನ್ನು ಕಿತ್ತುಕೊಂಡಿತು, ಅದು ಸರಿಯಾಗಿಯೇ ಇತ್ತು. ಆ ಖಾಲಿ ಕೈಗೆ ಏನು ಕೊಡಬೇಕೆಂಬುದನ್ನು ಇಲಾಖೆಯಾಗಲಿ ತರಬೇತಿಗಳಾಗಲಿ ಅಷ್ಟೇ ಶ್ರದ್ಧೆಯಿಂದ ಯೋಚಿಸಲಿಲ್ಲ.

ಯೋಚಿಸಿದ ಒಂದು ಜಾಗ ನಮ್ಮಲ್ಲೇ ಇತ್ತು. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ. ಆಂಧ್ರದ ರಿಷಿ ವ್ಯಾಲಿಯ ಕೆಲಸವನ್ನು ನೋಡಿ ಬಂದ ಶಿಕ್ಷಕರೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದರು. 2009-10ರಲ್ಲಿ ಅದು ಒಂದು, ಎರಡನೇ ತರಗತಿಗಳಿಗೆಂದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಲಿ-ಕಲಿ ಕೊಠಡಿಗೆ ಮೊದಲ ಸಲ ಬಂದವರು ಹುಬ್ಬೇರಿಸುತ್ತಾರೆ: ಇದೇನು ಸಂತೆ! ಒಂದು ಗುಂಪು ಹಾಡುತ್ತಿದೆ, ಒಬ್ಬಳು ಮಂಡಿಯೂರಿ ಗೋಡೆಯ ತಗ್ಗು ಹಲಗೆಯ ಮೇಲೆ ಬರೆಯುತ್ತಿದ್ದಾಳೆ, ಮತ್ತೊಬ್ಬ ಬುಟ್ಟಿಯಲ್ಲಿ ಕಾರ್ಡು ಹುಡುಕುತ್ತಿದ್ದಾನೆ. ಐದು ನಿಮಿಷ ಸುಮ್ಮನೆ ಕೂತು ನೋಡಿ. ಮುಂದಿನ ಮೈಲಿಗಲ್ಲು ಯಾವುದು, ಆ ಕಾರ್ಡು ಎಲ್ಲಿದೆ, ಯಾವ ಗುಂಪಿಗೆ ಹೋಗಿ ಕೂರಬೇಕು, ಕೆಲಸ ಮುಗಿದ ಮೇಲೆ ಕಾರ್ಡನ್ನು ಎಲ್ಲಿಡಬೇಕು, ಇಷ್ಟೂ ಆ ಮಗುವಿಗೆ ಗೊತ್ತು. ಎದ್ದು ಓಡಾಡಲು ಅದಕ್ಕೆ ಕಾರಣವಿದೆ, ಹಾಗಾಗಿ ಕದ್ದು ಓಡಾಡಬೇಕಿಲ್ಲ. ಈ ಪದ್ಧತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಕಾರ್ಡು ಹರಿದು ಹೋಗಿ, ಬದಲಿ ಬಾರದೆ, ಹೆಸರಿಗಷ್ಟೇ ಉಳಿದ ಕೊಠಡಿಗಳನ್ನೂ ಕಂಡಿದ್ದೇನೆ. ಆದರೂ ಕದಲದೆ ಕೂರುವುದೇ ಶಿಸ್ತು ಎಂಬ ನನ್ನ ನಂಬಿಕೆಯನ್ನು ಅಲುಗಾಡಿಸಿದ್ದು ಅದೇ.

ಅಂದ ಮಾತ್ರಕ್ಕೆ ಮಕ್ಕಳಿಂದ ಏನನ್ನೂ ನಿರೀಕ್ಷಿಸಬಾರದೇ? ನಿರೀಕ್ಷಿಸಬೇಕು, ಮಗ್ಗಿಯಷ್ಟೇ ಕಟ್ಟುನಿಟ್ಟಾಗಿ. ಮಗ್ಗಿಯನ್ನು ಕಲಿಸದೆ ಒಪ್ಪಿಸು ಎನ್ನುವುದಿಲ್ಲವಲ್ಲ? ಜೂನ್ ತಿಂಗಳ ಮೊದಲ ಎರಡು ವಾರ ನಾನು ಒಂದನೇ ಕ್ಲಾಸಿಗೆ ನಲ್ಲಿಯ ಹತ್ತಿರ ಪಾಠ ಮಾಡತೊಡಗಿದೆ. ಸಾಲು ಹೇಗೆ ನಿಲ್ಲುವುದು, ಮುಂದಿನವರ ಜಡೆ ಎಳೆಯದೆ ಒಂದು ಕೈಯಳತೆ ಹೇಗೆ ಬಿಡುವುದು, ತಟ್ಟೆ ತೊಳೆದು ಬಾಗಿಲಿನ ಕಡೆಯಿಂದ ಬಾರದೆ ಕಿಟಕಿಯ ಕಡೆಯಿಂದ ಹೇಗೆ ಬರುವುದು. ಮಾಡಿ ತೋರಿಸುವುದು, ಮಾಡಿಸುವುದು, ತಪ್ಪಿದರೆ ಮತ್ತೆ ಮಾಡಿಸುವುದು. ಚಪ್ಪಲಿ ಸಾಲಾಗಿ ಬಿಡಿ ಎಂದು ವರ್ಷವೆಲ್ಲ ಕೂಗಿಕೊಂಡಿದ್ದೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ನನ್ನ ಚಪ್ಪಲಿಯನ್ನೂ ಅದೇ ಗೆರೆಯ ಮೇಲೆ ಬಿಟ್ಟ ದಿನದಿಂದ ಕೂಗುವುದು ನಿಂತಿತು. ಕಿರುಬೆರಳೆತ್ತಿದವರು ಅಪ್ಪಣೆಗೆ ಕಾಯದೆ ಹೋಗಿ ಬರಬಹುದು ಎಂದೂ ಹೇಳಿಬಿಟ್ಟೆ. ಮೊದಲ ವಾರ ಎಲ್ಲರಿಗೂ ಒಂದಕ್ಕೆ ಬಂತು. ಎರಡನೇ ವಾರ ಬೇಕಾದವರಿಗಷ್ಟೇ.

ನಾಲ್ಕನೇ ಕ್ಲಾಸಿನಲ್ಲೊಬ್ಬ ದಿನಾ ತಡವಾಗಿ ಬರುತ್ತಿದ್ದ. ತಡವಾದವರು ಪ್ರಾರ್ಥನೆ ಮುಗಿದ ಮೇಲೂ ಮೊದಲ ಪೀರಿಯಡ್ ಹೊರಗೆ ನಿಲ್ಲಬೇಕೆಂಬುದು ಶಾಲೆಯ ರೂಢಿ. ಮೊದಲ ಪೀರಿಯಡ್ ಗಣಿತ. ಅವನಿಗೆ ಭಾಗಾಕಾರ ಬರದಿದ್ದುದು ದಡ್ಡತನದಿಂದ ಎಂದುಕೊಂಡಿದ್ದೆವು. ಒಂದು ಬೆಳಗ್ಗೆ ಬಸ್ಸಿಳಿದು ಬರುವಾಗ ಡೇರಿಯ ಮುಂದಿನ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದ. ಫ್ಯಾಟು ನೋಡಿ, ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು, ಕ್ಯಾನು ಮನೆಗಿಟ್ಟು, ಅಲ್ಲಿಂದ ಅವನು ಓಡಿ ಬರಬೇಕು. ಅಪ್ಪನಿಗೆ ಕಾಲು ಮುರಿದಿತ್ತಂತೆ. ಆ ಹುಡುಗ ಇದನ್ನು ಯಾರಿಗೂ ಹೇಳಿರಲಿಲ್ಲ, ನಾವೂ ಯಾಕೆ ತಡ ಎಂದು ಉತ್ತರ ಬೇಕಾಗಿ ಕೇಳಿರಲಿಲ್ಲ. ಹೊರಗೆ ನಿಲ್ಲಿಸುವುದನ್ನು ಬಿಟ್ಟು, ಗಣಿತವನ್ನು ಮೂರನೇ ಪೀರಿಯಡ್ಡಿಗೆ ತಳ್ಳಿದೆವು. ಅಷ್ಟೇ ಮಾಡಿದ್ದು.

ಅದೇ ತರಗತಿಯಲ್ಲಿ ಒಂದು ಮಧ್ಯಾಹ್ನ ಡ್ರಾಯಿಂಗ್ ಶೀಟು ಹಾಸಿ, ನಮ್ಮ ಕ್ಲಾಸಿನ ನಿಯಮಗಳನ್ನು ನೀವೇ ಹೇಳಿ ಎಂದೆ. ಮಕ್ಕಳು ನಿಯಮಕ್ಕಿಂತ ಮೊದಲು ಶಿಕ್ಷೆ ಹೇಳತೊಡಗಿದರು. ‘ಹತ್ತು ಬಸ್ಕಿ ಮಿಸ್!’ ‘ಇಪ್ಪತ್ತು!’ ‘ಊಟ ಕೊಡಬಾರದು ಮಿಸ್!’ ಕೇಳುತ್ತಾ ಕೈ ತಣ್ಣಗಾಯಿತು. ಒಂಬತ್ತು ವರ್ಷದೊಳಗೆ ಇಷ್ಟನ್ನು ನಾವೇ ಕಲಿಸಿದ್ದೆವು. ಶಿಕ್ಷೆ ಬೇಡ, ನಿಯಮ ಮಾತ್ರ ಎಂದ ಮೇಲೆ ನಿಧಾನಕ್ಕೆ ಬಂದವು: ಅಡ್ಡಹೆಸರು ಕರೆಯಬಾರದು, ರಬ್ಬರ್ ಕೇಳಿ ತಗೋಬೇಕು, ಅಳುತ್ತಿರುವವರನ್ನು ನೋಡಿ ನಗಬಾರದು. ಹಿಂದಿನ ಸಾಲಿನಲ್ಲಿ ಅಷ್ಟಾಗಿ ಬಾಯಿಬಿಡದ ಹುಡುಗಿ ಎದ್ದು ನಿಂತಳು. ‘ಬೈಯೋದಾದ್ರೆ ಒಬ್ಬರನ್ನೇ ಹೊರಗೆ ಕರೆದು ಬೈಬೇಕು ಮಿಸ್.’ ಅದನ್ನೂ ಬರೆದು ಗೋಡೆಗೆ ಅಂಟಿಸಿದೆ.

ಮೂರು ದಿನ ಕಳೆದಿರಬೇಕು. ಒಬ್ಬ ನನ್ನ ಹಾಜರಿ ಪುಸ್ತಕದ ಮೇಲೆ ನೀರಿನ ಬಾಟಲಿ ಬೀಳಿಸಿದ. ಶಾಯಿಯೆಲ್ಲ ಹರಡಿ ಹೆಸರುಗಳು ನೀಲಿಯಾದವು. ಅವನ ಹೆಸರು ಹಿಡಿದು ಕೂಗಲು ಬಾಯಿ ತೆರೆದಿದ್ದೆ. ಹಿಂದಿನ ಸಾಲಿನಿಂದ ಅವಳು ಗೋಡೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನಾನು ಪುಸ್ತಕವನ್ನು ಸೆರಗಿನಿಂದ ಒತ್ತಿ, ಅವನ ಹೆಗಲ ಮೇಲೆ ಕೈಯಿಟ್ಟು ಜಗಲಿಗೆ ಕರೆದುಕೊಂಡು ಹೋದೆ.