ಹೊಗೆಸೊಪ್ಪಿನ ಸೀಮೆಯಲ್ಲಿ ದೊಡ್ಡವರ ಅಕ್ಷರಾಭ್ಯಾಸ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು ದಾಟಿ, ಪಿರಿಯಾಪಟ್ಟಣ ಮುಟ್ಟುವ ಮೊದಲು ಕಂಪಲಾಪುರ ಸಿಗುತ್ತದೆ. ಸುತ್ತಲ ಹಳ್ಳಿಗಳಿಗೆ ಈ ಊರೆಂದರೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹರಾಜು ತೆರೆದರೆ ಟ್ರ್ಯಾಕ್ಟರು, ಗೂಡ್ಸ್ ಆಟೋಗಳಲ್ಲಿ ಬೇಲುಗಳು ಬಂದು ಸಾಲುಗಟ್ಟುತ್ತವೆ. ಪ್ರತಿ ಬೇಲಿನ ಲೆಕ್ಕವೂ ಚೀಟಿಯ ಮೇಲೆ: ಬೆಳೆಗಾರನ ನಂಬರು, ತೂಕ, ನಿಂತ ಬೆಲೆ, ಕೊಂಡ ಕಂಪನಿ. ಒಂದು ಮನೆಯ ವರ್ಷದ ದುಡಿಮೆ ಆ ನಾಲ್ಕಾರು ಅಂಕಿಗಳಲ್ಲಿ ಮುಗಿಯುತ್ತದೆ. ಅದನ್ನು ಓದಲು ಬಾರದವರು ಪಕ್ಕದವರ ಮುಖ ನೋಡಬೇಕು.

1976ರ ಜನವರಿಯಲ್ಲಿ ತಂಬಾಕು ಮಂಡಳಿ ಹುಟ್ಟಿತು. ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಅಲ್ಲಿಯವರೆಗೆ ವ್ಯಾಪಾರಿ ಹೇಳಿದ್ದೇ ಬೆಲೆ. ಹರಾಜು ಆ ವ್ಯವಹಾರವನ್ನು ನಾಲ್ಕು ಜನರ ಎದುರಿಗೆ ತಂದಿತು, ಅದು ದೊಡ್ಡ ಉಪಕಾರ. ಆದರೆ ಬಾಯಿಮಾತಿನಲ್ಲಿದ್ದದ್ದೆಲ್ಲ ಕಾಗದಕ್ಕೆ ಬಂದಮೇಲೆ ಕಾಗದ ಓದುವುದೂ ಬೇಸಾಯದ ಒಂದು ಕೆಲಸವಾಯಿತು. ಲೈಸೆನ್ಸು, ಬ್ಯಾಂಕಿನ ಸಾಲದ ಪತ್ರ, ಗೊಬ್ಬರದ ರಸೀದಿ, ವಿಮೆ ಯಾವುದೂ ಇದಕ್ಕೆ ಹೊರತಲ್ಲ. ದೊಡ್ಡವರ ಓದು-ಬರಹದ ಮಾತು ಬಂದಾಗ ನಾವು ಅ ಆ ಇ ಈಯಿಂದ ಶುರುಮಾಡುತ್ತೇವೆ. ಈ ಸೀಮೆಯಲ್ಲಿ ಅದು ಬೇಲಿನ ಚೀಟಿಯಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚೀಟಿಗಿಂತ ಮುಂಚೆಯೇ ಓದಬೇಕಾದದ್ದು ಸೊಪ್ಪು ಒಣಗಿಸುವ ಬ್ಯಾರನ್ನಿನೊಳಗಿನ ಥರ್ಮಾಮೀಟರು. ಹಸಿ ಸೊಪ್ಪು ಹಳದಿಗೆ ತಿರುಗುವವರೆಗೆ ಬಿಸಿ ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ನಿಲ್ಲಬೇಕು. ಆಮೇಲೆ ಹಂತಹಂತವಾಗಿ ಏರಿಸಿ, ಕೊನೆಗೆ ಎಲೆಯ ದಂಟು ಒಣಗಲು 160ರ ತನಕ ಒಯ್ಯಬೇಕು. ಐದಾರು ದಿನದ ಕೆಲಸ ಅದು, ರಾತ್ರಿಯೂ ಎದ್ದು ನೋಡುತ್ತಿರಬೇಕು. ಅವಸರಕ್ಕೆ ಬಿಸಿ ಏರಿಸಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಗ್ರೇಡು ಇಳಿಯುತ್ತದೆ. ಅಕ್ಷರ ಬಾರದ ಎಷ್ಟೋ ಮಂದಿ ಈ ಅಂಕಿಗಳನ್ನು ಮಾತ್ರ ಕಲಿತುಕೊಂಡಿದ್ದಾರೆ, ಗಾಳಿಯ ವಾಸನೆ ಹಿಡಿದೇ ಬಿಸಿಯ ಅಂದಾಜು ಹೇಳುವವರೂ ಇದ್ದಾರೆ. ಇಂಥವರನ್ನು ಏನೂ ಬಾರದವರೆಂದು ಬೆಂಚಿನ ಮೇಲೆ ಕೂರಿಸಿದರೆ ಎರಡನೇ ದಿನ ಅವರು ಬರುವುದಿಲ್ಲ. ಅವರಿಗೆ ಬರುವ ಲೆಕ್ಕದಿಂದ ಬಾರದ ಅಕ್ಷರಕ್ಕೆ ದಾರಿ ಮಾಡಿಕೊಡಬೇಕು.

ಇನ್ನೊಂದು ಓದಿದೆ, ಪ್ರಾಣಕ್ಕೆ ಸಂಬಂಧಪಟ್ಟದ್ದು. ಔಷಧಿ ಅಂಗಡಿಯಿಂದ ತರುವ ಕೀಟನಾಶಕದ ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಳಿದ ಬಣ್ಣ ವಿಷದ ಕಡುಪನ್ನು ಹೇಳುತ್ತದೆ. ಕೆಂಪಿದ್ದರೆ ಅತಿ ಘೋರ ವಿಷ, ಮೇಲಿನ ಅರ್ಧದಲ್ಲಿ ತಲೆಬುರುಡೆಯ ಗುರುತೂ ಇರುತ್ತದೆ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. 1971ರ ಕೀಟನಾಶಕ ನಿಯಮಗಳಲ್ಲೇ ಇರುವ ಏರ್ಪಾಡು ಇದು. ಓದು ಬಾರದವರಿಗೂ ತಿಳಿಯಲೆಂದು ಬಣ್ಣ ಹಾಕಿದ್ದಾರೆ. ಆ ಬಣ್ಣ ಏನು ಹೇಳುತ್ತದೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಹಸಿರು ಕಂಡರೆ ಬೆಳೆಗೆ ಒಳ್ಳೆಯದು, ಕೆಂಪು ಕಂಡರೆ ಜೋರಾದ ಔಷಧಿ ಎಂದು ಅರ್ಥಮಾಡಿಕೊಂಡರೆ ಅವರ ತಪ್ಪೇನು? ಹೊಗೆಸೊಪ್ಪು ಮುರಿಯುವವರಿಗೆ ಮತ್ತೊಂದು ಕಷ್ಟ. ಮಂಜು, ಮಳೆಯಲ್ಲಿ ನೆನೆದ ಸೊಪ್ಪನ್ನು ಹೊತ್ತರೆ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಮೈತುಂಬ ಬಟ್ಟೆ, ಕೈಗೆ ಗ್ಲೌಸು, ಒದ್ದೆಯಾದರೆ ಬಟ್ಟೆ ಬದಲಿಸುವುದು, ಇಷ್ಟು ಗೊತ್ತಿದ್ದರೆ ಎಷ್ಟೋ ತಪ್ಪುತ್ತದೆ. ವಯಸ್ಕರ ಶಿಕ್ಷಣದ ಮೊದಲ ಪಾಠಗಳಲ್ಲಿ ಇವು ಇರಬೇಕು.

ಮೈಸೂರು ಸೀಮೆಗೆ ಈ ಆಲೋಚನೆ ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ ರಾತ್ರಿ ಶಾಲೆಗಳು, ಊರೂರು ಸುತ್ತುವ ಪುಸ್ತಕದ ಪೆಟ್ಟಿಗೆಗಳು ಇದ್ದವು. 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಂಸ್ಥೆ, ಮುಂದೆ ವಯಸ್ಕರ ಶಿಕ್ಷಣ ಸಮಿತಿ ಎಂದು ಮನೆಮಾತಾದದ್ದು, ಅಕ್ಷರ ಕಲಿಸಿ ಕೈಬಿಡಲಿಲ್ಲ. ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆ ನಡೆಸಿತು, ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆ ತಂದಿತು, ದಪ್ಪ ಅಕ್ಷರದ ಸಣ್ಣ ಪುಸ್ತಕಗಳನ್ನು ಅಚ್ಚು ಹಾಕಿಸಿತು. ನಂಜನಗೂಡಿನಂಥ ಕಡೆ ವಿದ್ಯಾಪೀಠಗಳನ್ನು ತೆರೆಯಿತು. ಹಳ್ಳಿಯ ತರುಣರು ಅಲ್ಲಿ ಕೆಲವು ತಿಂಗಳು ತಂಗಿದ್ದು ಬೇಸಾಯ, ಕೈಕಸುಬು, ಸಹಕಾರ ಸಂಘದ ವ್ಯವಹಾರ ಕಲಿತು ಊರಿಗೆ ಮರಳುತ್ತಿದ್ದರು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿ ಅದಕ್ಕೆ ಪ್ರೇರಣೆ. ಕಲಿತ ಅಕ್ಷರ ಓದಲು ಏನೂ ಸಿಗದಿದ್ದರೆ ಒಂದೆರಡು ವರ್ಷದಲ್ಲಿ ಮರೆತುಹೋಗುತ್ತದೆಂಬ ಅರಿವು ಆ ಹಿರಿಯರಿಗಿತ್ತು. ನಂತರ ಬಂದ ಎಷ್ಟೋ ಯೋಜನೆಗಳು ಮರೆತದ್ದು ಇದನ್ನೇ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕು ತಾಲ್ಲೂಕುಗಳಲ್ಲಿ ನಿಜವಾಗಿ ದೊಡ್ಡವರಿಗೆ ಪೆನ್ನು ಹಿಡಿಸಿದ್ದು ಶಾಲೆಯಲ್ಲ, ಉಳಿತಾಯದ ಸಂಘ. ಅದರ ಕಥೆಯ ಒಂದು ಎಳೆ ಕಂಪಲಾಪುರಕ್ಕೆ ತೀರಾ ಹತ್ತಿರದ್ದು. ಬೈಲುಕುಪ್ಪೆಯಂಥ ನೆಲೆಗಳಿಗೆ ಬಂದ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಮೈರಾಡ ಸಂಸ್ಥೆ ಶುರುವಾಯಿತು. ಆಮೇಲೆ ಅದು ಬಡ ಹಳ್ಳಿಗರತ್ತ ಹೊರಳಿತು, ಎಚ್.ಡಿ. ಕೋಟೆಯಲ್ಲೂ ಕೆಲಸ ಮಾಡಿತು. ಎಂಬತ್ತರ ದಶಕದಲ್ಲಿ ಅದು ಕಟ್ಟಿದ ಉಳಿತಾಯದ ಗುಂಪುಗಳಿಗೆ 1987ರಲ್ಲಿ ನಬಾರ್ಡ್ ಹತ್ತು ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ ದೇಶದಾದ್ಯಂತ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಕಾರ್ಯಕ್ರಮ ಆರಂಭವಾಯಿತು. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಸಂಘಗಳನ್ನು ತಂದಿತು.

ಸಂಘವೆಂದರೆ ಪುಸ್ತಕ. ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಉಳಿತಾಯ-ಸಾಲದ ಲೆಡ್ಜರು, ಬ್ಯಾಂಕಿನ ಪಾಸ್‌ಬುಕ್. ವಾರಕ್ಕೊಮ್ಮೆ ಹದಿನೈದಿಪ್ಪತ್ತು ಹೆಂಗಸರು ಸುತ್ತ ಕೂತಾಗ ಹೆಬ್ಬೆಟ್ಟು ಒತ್ತುವುದು ಕಷ್ಟವೆನಿಸುತ್ತದೆ, ಪಕ್ಕದ ಅಕ್ಕ ಸಹಿ ಮಾಡಿದ್ದು ಕಣ್ಣಿಗೆ ಬೀಳುತ್ತದೆ. ಹೀಗೆ ಹೆಸರು ಬರೆಯಲು ಕಲಿತವರು ಆಮೇಲೆ ತಮ್ಮ ಖಾತೆಯ ಅಂಕಿ ಗುರುತಿಸುತ್ತಾರೆ, ಬಡ್ಡಿ ಎಷ್ಟಾಯಿತೆಂದು ಕೇಳುತ್ತಾರೆ. ಆ ಪ್ರಶ್ನೆ ಕೇಳಿದ ದಿನ ಅವರ ಕಲಿಕೆ ಗಟ್ಟಿಯಾಯಿತೆಂದೇ ಅರ್ಥ. ಲೆಕ್ಕ ಬರೆಯುವವಳು ಒಬ್ಬಳೇ ಆಗಿ, ಉಳಿದವರು ಸಹಿಗಷ್ಟೇ ನಿಂತ ಸಂಘಗಳಲ್ಲಿ ಮನಸ್ತಾಪ, ಮೋಸ ಎರಡೂ ನುಸುಳುತ್ತವೆ. ಆದ್ದರಿಂದ ಸಹಿ ಬಂದರೆ ಸಾಲದು, ಲೆಡ್ಜರಿನ ಒಂದು ಪುಟವನ್ನಾದರೂ ಎಲ್ಲರೂ ಓದುವಂತಾಗಬೇಕು.

ಕಾಡಂಚಿನ ಕಥೆ ಬೇರೆ. ಹುಣಸೂರು, ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರಲ್ಲಿ ಅನೇಕರು ನಾಗರಹೊಳೆಯಿಂದ ಹೊರಬಂದವರು, ಅವರಲ್ಲಿ ಹಲವರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವವರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳಲು ಅರ್ಜಿ ನಮೂನೆ ತುಂಬಬೇಕು, ಗ್ರಾಮಸಭೆಯ ನಿರ್ಣಯ ಬರೆಸಬೇಕು. ಹುಣಸೂರಿನ ಡೀಡ್ ಸಂಸ್ಥೆ ದಶಕಗಳಿಂದ ಈ ಜನರ ಜೊತೆಗಿದೆ. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ಹಾಡಿಯ ಮಕ್ಕಳಿಗೆ ಶಾಲೆ ನಡೆಸಿಕೊಂಡು ಬಂದಿದೆ. ಮನೆಗೆ ಬಂದ ನೋಟಿಸನ್ನು ಅಪ್ಪ-ಅವ್ವನಿಗೆ ಮಗಳೇ ಓದಿ ಹೇಳುವ ಕಾಲ ಇದರಿಂದ ಬಂತು. ಕಸುಬು ಕಲಿಯಬೇಕೆನ್ನುವವರಿಗೆ ಮೈಸೂರಿನ ರುಡ್‌ಸೆಟ್ ಸಂಸ್ಥೆ ಇದೆ, ಊಟ-ವಸತಿ ಸಮೇತ ಉಚಿತ ತರಬೇತಿ. ಹೆಚ್ಚು ಓದದವರಿಗೆಂದೇ ಇರುವ ಜನ ಶಿಕ್ಷಣ ಸಂಸ್ಥಾನದಲ್ಲಿ ಹೊಲಿಗೆಯಂಥ ಕಸುಬುಗಳನ್ನು ಹೇಳಿಕೊಡುತ್ತಾರೆ.

2011ರ ಜನಗಣತಿಯಂತೆ ಮೈಸೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 73ರ ಹತ್ತಿರ, ಹೆಂಗಸರದ್ದು 67. ನಗರವೂ ಸೇರಿದ ಲೆಕ್ಕ ಇದು. ಎಚ್.ಡಿ. ಕೋಟೆಯ ಗಡಿಯಾಚೆಯ ವಯನಾಡು ಸೇರಿದಂತೆ ಇಡೀ ಕೇರಳ 1991ರ ಏಪ್ರಿಲ್ 18ರಂದೇ ಸಂಪೂರ್ಣ ಸಾಕ್ಷರವೆಂದು ಘೋಷಿಸಿಕೊಂಡಿತು. ಅಲ್ಲಿ ಅದು ಜನರ ಚಳವಳಿಯಾಗಿತ್ತು. ನಮ್ಮಲ್ಲಿ ಯೋಜನೆಗಳು ಬಂದು ಹೋಗುತ್ತವೆ. 2009ರ ಸೆಪ್ಟೆಂಬರ್ 8ರಂದು ಆರಂಭವಾದ ಸಾಕ್ಷರ ಭಾರತ 2018ರ ಮಾರ್ಚಿಗೆ ಮುಗಿಯಿತು. ತಿಂಗಳಿಗೆ ಎರಡು ಸಾವಿರ ರೂಪಾಯಿ ಗೌರವಧನಕ್ಕೆ ದುಡಿದ ಪ್ರೇರಕರು ಮನೆಗೆ ಹೋದರು. ಅವರಿಗೆ ಈ ಸಮಾಜ ಸರಿಯಾಗಿ ಕೃತಜ್ಞತೆ ಹೇಳಲೇ ಇಲ್ಲ. ಈಗಿರುವುದು 2022ರಿಂದ 2027ರವರೆಗಿನ ‘ಉಲ್ಲಾಸ್’. ಹದಿನೈದು ವರ್ಷ ದಾಟಿದ ಯಾರು ಬೇಕಾದರೂ ಕಲಿಯಬಹುದು. ಕಲಿಸುವವರು ಸ್ವಯಂಸೇವಕರು. ಓದು, ಬರಹ, ಲೆಕ್ಕಕ್ಕೆ ತಲಾ ಐವತ್ತರಂತೆ 150 ಅಂಕದ ಪರೀಕ್ಷೆ. ಹಣದ ವ್ಯವಹಾರ, ಆರೋಗ್ಯ, ಕಾನೂನು, ಕಸುಬಿನ ಕೌಶಲಗಳೂ ಈ ಯೋಜನೆಯ ಭಾಗ ಎಂಬುದು ಸಮಾಧಾನ ಕೊಡುತ್ತದೆ.

ಸಮಯದ ಮಾತನ್ನು ಮಾತ್ರ ಯಾವ ಯೋಜನೆಯೂ ಸರಿಯಾಗಿ ಯೋಚಿಸಿಲ್ಲ. ಹೊಗೆಸೊಪ್ಪಿನ ಸಸಿಮಡಿ ಫೆಬ್ರುವರಿ-ಮಾರ್ಚಿಗೆ, ನಾಟಿ ಏಪ್ರಿಲ್-ಮೇಗೆ, ಜುಲೈಯಿಂದ ಸೊಪ್ಪು ಮುರಿಯುವುದು, ಬೇಯಿಸುವುದು. ಆ ತಿಂಗಳುಗಳಲ್ಲಿ ರಾತ್ರಿ ಎಂಟಕ್ಕೆ ತರಗತಿಗೆ ಬಾ ಎಂದರೆ ಯಾರು ಬಂದಾರು? ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತ, ಕಬ್ಬಿನ ಲೆಕ್ಕವೇ ಬೇರೆ. ತರಗತಿಯ ವೇಳಾಪಟ್ಟಿಯನ್ನು ಆಯಾ ಊರಿನ ಬೆಳೆ ನೋಡಿ ಮಾಡಬೇಕು, ಬೆಂಗಳೂರಿನಲ್ಲಿ ಕೂತು ಮಾಡಬಾರದು. ಹರಾಜು ಮುಗಿಯುತ್ತ ಬಂದ ಜನವರಿಯಿಂದ ಸಸಿಮಡಿಯ ಕೆಲಸ ಏರುವವರೆಗಿನ ಸಂಜೆಗಳು ಕಂಪಲಾಪುರದ ಸುತ್ತ ಸಿಗುವ ಬಿಡುವು.

ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಕೂಲಿಯವರು ಮನೆಗೆ ಬರುವ ಹೊತ್ತಿಗೆ ಅವುಗಳ ಬಾಗಿಲು ಹಾಕಿರುತ್ತದೆ. ಪಿರಿಯಾಪಟ್ಟಣ ಸೀಮೆಯ ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಗ್ರಾಮಸಭೆಗೆ ಹೋಗಿ, ಬಿಡುವಿನ ತಿಂಗಳುಗಳಲ್ಲಿ ಅರಿವು ಕೇಂದ್ರವನ್ನು ಸಂಜೆ ಏಳರಿಂದ ಒಂಬತ್ತರವರೆಗೆ ತೆರೆದಿಡಬೇಕೆಂದು ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ. ತೆರೆದ ದಿನ ಮನೆಯಲ್ಲಿರುವ ಹಳೆಯ ಬೇಲ್ ಚೀಟಿ, ಪಾಸ್‌ಬುಕ್‌ಗಳನ್ನು ತೆಗೆದುಕೊಂಡು ಹೋಗಿ, ಪಕ್ಕದ ಮನೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.