ಬೆಳಿಗ್ಗೆ ಹುಳಿ, ಸಂಜೆ ಸಪ್ಪೆ

ರಾಗಿ ಹೊಲದಲ್ಲಿ ಕಳೆ ತೆಗೆಯುವವರಿಗೆ ಗೋಣಿಸೊಪ್ಪಿನ ಮೊಂಡುತನ ಗೊತ್ತು. ಕಿತ್ತು ಬದುವಿನ ಮೇಲೆ ಎಸೆದರೂ ಬೇಗ ಬಾಡುವುದಿಲ್ಲ. ಒಂದು ಮಳೆ ಬಿದ್ದರೆ ಸಾಕು, ಕಾಂಡದ ತುಂಡೇ ಬೇರು ಬಿಟ್ಟು ಚಿಗುರುತ್ತದೆ. ಉತ್ತರ ಕರ್ನಾಟಕದಲ್ಲಿ ಗೋಳಿ ಪಲ್ಯವಾಗುವುದೂ ಬಯಲುಸೀಮೆಯಲ್ಲಿ ಬೆರಕೆಸೊಪ್ಪಿನ ಸಾರಿಗೆ ಬೀಳುವುದೂ ಇದೇ. ವಿಜ್ಞಾನಿಗಳಿಗೆ ಇದು ಪೋರ್ಟುಲಾಕ ಒಲೆರೇಸಿಯ.

ದಪ್ಪ ಎಲೆಯೊಂದನ್ನು ಹಸಿಯಾಗಿ ಜಗಿದರೆ ಲೋಳೆಯ ಜೊತೆಗೆ ಹುಳಿ ತಿಳಿಯುತ್ತದೆ. ಆ ಹುಳಿ ನೀರು ಉಳಿಸುವ ಉಪಾಯದ ಫಲ. ರಾಗಿ, ಜೋಳ, ಕಬ್ಬು ಬಿಸಿಲಲ್ಲಿ ಚುರುಕಾಗಿ ಆಹಾರ ತಯಾರಿಸುವ ಸಿ-4 ಸಸ್ಯಗಳು. ಅನಾನಸ್, ಪಾಪಾಸುಕಳ್ಳಿಗಳ ದಾರಿಯೇ ಬೇರೆ: ಹಗಲು ಎಲೆರಂಧ್ರ ಮುಚ್ಚಿ, ರಾತ್ರಿ ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಎರಡೂ ವಿದ್ಯೆ ಬಲ್ಲ ಗಿಡಗಳು ತೀರಾ ವಿರಳ. ಗೋಣಿಸೊಪ್ಪು ಅವುಗಳಲ್ಲೊಂದು, ಅದೂ ಒಂದೇ ಜೀವಕೋಶದೊಳಗೆ ಎರಡನ್ನೂ ನಡೆಸುತ್ತದೆಂದು ಯೇಲ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ತೋರಿಸಿತು. ಹೀಗಾಗಿ ನೀರು ಕಡಿಮೆಯಾದ ದಿನಗಳಲ್ಲಿ ನಸುಕಿನಲ್ಲಿ ಕೊಯ್ದ ಸೊಪ್ಪು ಹೆಚ್ಚು ಹುಳಿ. ಹಗಲಿಡೀ ಆಮ್ಲ ಖರ್ಚಾಗಿ ಸಂಜೆಗೆ ಸಪ್ಪೆ. ಹುಣಸೆ ಉಳಿಸುವ ಮನಸ್ಸಿದ್ದರೆ ಬೆಳಿಗ್ಗೆಯೇ ಕೊಯ್ಯಿರಿ!

ಆದರೆ ಇದಕ್ಕೆ ಹೆಸರು ಬಂದದ್ದು ಒಮೆಗಾ-3ರಿಂದ. 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲ ಇರುತ್ತದೆ. ಸೊಪ್ಪಿನ ಮಟ್ಟಿಗೆ ಇದು ದೊಡ್ಡ ಮೊತ್ತ. ಹಾಗೆಂದು ಮೀನಿಗೆ ಸಮ ಎನ್ನುವ ಪ್ರಚಾರ ಮಾತ್ರ ಅತಿಯಾಯಿತು. ಮೀನಿನಲ್ಲಿರುವ ಒಮೆಗಾ-3 ಬೇರೆ ಬಗೆಯದು. ಸೊಪ್ಪಿನದನ್ನು ಆ ರೂಪಕ್ಕೆ ತಿರುಗಿಸುವುದರಲ್ಲಿ ನಮ್ಮ ದೇಹ ಬಹಳ ಹಿಂದೆ. ಅಷ್ಟಕ್ಕೂ ಇದೇ ಆಮ್ಲ ಬೇಕಿದ್ದರೆ ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಇದರ ಮೂರ್ನಾಲ್ಕು ಪಟ್ಟು ಸಿಗುತ್ತದೆ.

ಇ ಮತ್ತು ಸಿ ಜೀವಸತ್ವ, ಬೀಟಾ ಕೆರೋಟಿನ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಇವೆ. ಚೀನಾದ ವೈದ್ಯಪದ್ಧತಿ ಇದನ್ನು ಆಮಶಂಕೆಗೆ ಬಳಸುತ್ತ ಬಂದಿದೆ. ಈ ಗಿಡದಲ್ಲೇ ಪತ್ತೆಯಾದ ಒಲೆರಾಸಿನ್‌ಗಳು ಪ್ರಯೋಗನಾಳದಲ್ಲಿ ಒಳ್ಳೆಯ ಉತ್ಕರ್ಷಣ ನಿರೋಧಕಗಳು. ಮಧುಮೇಹದ ಮೇಲೆ ನಡೆದ ಪ್ರಯೋಗಗಳು ಚಿಕ್ಕವು. ಅವನ್ನು ನಂಬಿ ಯಾರೂ ಮಾತ್ರೆ ಬಿಡಬಾರದು.

ಇನ್ನೊಂದು ಆಮ್ಲವೂ ಇದೆ, ಆಕ್ಸಲಿಕ್. ಪಾಲಕ್‌ನಂತೆ ಇದರಲ್ಲೂ ಅದು ಧಾರಾಳ. ಮೂತ್ರಪಿಂಡದಲ್ಲಿ ಕಲ್ಲಾದವರು ದೂರವಿರುವುದೇ ಲೇಸು. ಉಳಿದವರಿಗೆ ಮೊಸರಿದೆ: ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಮೊಸರು ಬೆರೆಸಿದರೆ ಈ ಸೊಪ್ಪಿನ ಕರಗುವ ಆಕ್ಸಲೇಟ್ ಇಳಿಯುತ್ತದೆಂದು ನ್ಯೂಜಿಲೆಂಡಿನ ಸಂಶೋಧಕರು 2009ರಲ್ಲಿ ಅಳೆದು ಹೇಳಿದ್ದಾರೆ. ಗೋಣಿಸೊಪ್ಪಿನ ಮಜ್ಜಿಗೆಹುಳಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕಿಲ್ಲ.

ಕೊಯ್ಯುವಾಗ ಕೆಂಬಣ್ಣದ ಕಾಂಡವನ್ನೊಮ್ಮೆ ಮುರಿದು ನೋಡಿ. ನೀರೊಸರಿದರೆ ಸರಿ, ಹಾಲು ಬಂದರೆ ಅದು ನೋಟಕ್ಕೆ ಹೋಲುವ ಬೇರೆ ಗಿಡ, ತಿನ್ನಬೇಡಿ. ಕಳೆನಾಶಕ ಹೊಡೆದ ಹೊಲದ್ದೂ ಬೇಡ.