ಚೂಪಾದ ಹಲ್ಲು: ಕುದುರೆಗೂ ನಮಗೂ

ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುವವರ ವಿಷಯ ನೀವು ಕೇಳಿರಬಹುದು. ಆದರೆ ಆ ಹಲ್ಲುಗಳನ್ನು ಆಗಾಗ ಅರದಿಂದ ಉಜ್ಜಿ ನಯ ಮಾಡಬೇಕಾಗುತ್ತದೆ ಎಂಬುದು ಹಲವರಿಗೆ ತಿಳಿದಿರಲಾರದು. ಮನುಷ್ಯರ ವೈದ್ಯನಿಗೆ ಕುದುರೆಯ ಬಾಯಿಯ ಉಸಾಬರಿ ಏಕೆ ಎನ್ನುವಿರಾ? ಕಾರಣವಿದೆ.

ಕುದುರೆ ದಿನದ ಬಹುಪಾಲು ಮೇಯುವ ಪ್ರಾಣಿ. ಒರಟಾದ ಹುಲ್ಲನ್ನು ಅರೆದು ಅರೆದು ಹಲ್ಲು ಸವೆಯುತ್ತದೆ. ಈ ನಷ್ಟ ತುಂಬಲು, ದವಡೆಯೊಳಗೆ ಹುದುಗಿರುವ ಉದ್ದನೆಯ ಹಲ್ಲು ವರ್ಷಕ್ಕೆ ಸುಮಾರು 2ರಿಂದ 3 ಮಿಲಿಮೀಟರಿನಷ್ಟು ಹೊರಬರುತ್ತಿರುತ್ತದೆ. ತೊಡಕಿರುವುದು ಇಲ್ಲಿ: ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ಹಲ್ಲುಗಳ ಹೊರ ಅಂಚೂ ಕೆಳಗಿನ ಹಲ್ಲುಗಳ ಒಳ ಅಂಚೂ ಸರಿಯಾಗಿ ಸವೆಯದೆ ಚೂಪಾಗುತ್ತವೆ. ಒಂದು ಕೆನ್ನೆಯನ್ನು ಕೊಯ್ಯುತ್ತದೆ, ಇನ್ನೊಂದು ನಾಲಿಗೆಯನ್ನು. ಲಾಯದಲ್ಲಿ ಕಟ್ಟಿ ಹೆಚ್ಚಾಗಿ ಕಾಳು, ಬೂಸಾ ಹಾಕುವ ಕುದುರೆಗಳು ದವಡೆಯನ್ನು ಅಗಲವಾಗಿ ಆಡಿಸುವುದಿಲ್ಲ. ಅವುಗಳಿಗೆ ಈ ಕಾಟ ಹೆಚ್ಚು.

ಮೂಕಪ್ರಾಣಿ ತನ್ನ ನೋವನ್ನು ಹೇಳುವುದು ಹೇಗೆ? ಅರ್ಧ ಅಗಿದ ಹುಲ್ಲಿನ ಉಂಡೆಯನ್ನು ಉಗುಳುತ್ತದೆ, ತಲೆ ಓರೆ ಮಾಡಿ ತಿನ್ನುತ್ತದೆ, ಕಡಿವಾಣಕ್ಕೆ ಬಾಯಿ ಕೊಡುವುದಿಲ್ಲ. ಲದ್ದಿಯಲ್ಲಿ ಇಡೀ ಕಾಳು ಕಾಣುತ್ತದೆ, ಮೈ ಇಳಿಯುತ್ತದೆ. ಸರಿಯಾಗಿ ಅಗಿಯದ ಮೇವು ಕರುಳಿನಲ್ಲಿ ಕಟ್ಟಿಕೊಂಡರೆ ಬರುವ ಹೊಟ್ಟೆಶೂಲೆ ಪ್ರಾಣಕ್ಕೇ ಕುತ್ತು. ಚಾವಟಿ ಎತ್ತುವ ಮೊದಲು ಬಾಯಿ ನೋಡಿಸುವುದು ಒಳ್ಳೆಯದು. ಲಕ್ಷಣ ಕಾಣದಿದ್ದರೂ ವರ್ಷಕ್ಕೊಮ್ಮೆ ಪಶುವೈದ್ಯರಿಂದ ಪರೀಕ್ಷೆ ಬೇಕು. ಹಾಲುಹಲ್ಲು ಬೀಳುವ ಎರಡರಿಂದ ಐದು ವರ್ಷದ ಮರಿಗಳಿಗೂ ಮುದಿ ಕುದುರೆಗಳಿಗೂ ಆರು ತಿಂಗಳಿಗೊಮ್ಮೆ. ಮತ್ತು ಬರಿಸುವ ಔಷಧ ಕೊಟ್ಟು, ಬಾಯಿ ತೆರೆದಿಡುವ ಸಾಧನ ತೊಡಿಸಿ, ಚೂಪನ್ನಷ್ಟೇ ಉಜ್ಜುತ್ತಾರೆ. ಅತಿಯಾಗಿ ಉಜ್ಜಿದರೆ ಹಲ್ಲಿನ ಜೀವಭಾಗಕ್ಕೇ ಪೆಟ್ಟು.

ಈಗ ನಮ್ಮ ವಿಷಯ. ನಮ್ಮ ಹಲ್ಲು ಹೀಗೆ ಬೆಳೆಯುತ್ತಾ ಹೋಗುವುದಿಲ್ಲ, ನಿಜ. ಆದರೆ ಹುಳುಕಾಗಿ ಮುರಿದ ಹಲ್ಲು, ಓರೆಯಾಗಿ ಸವೆದ ಹಲ್ಲು, ಸರಿಯಾಗಿ ಕೂರದ ಕಟ್ಟಿಸಿದ ಹಲ್ಲು ನಾಲಿಗೆಯ ಪಕ್ಕವನ್ನೋ ಕೆನ್ನೆಯನ್ನೋ ದಿನವೂ ಕೆರೆಯುತ್ತಿರುತ್ತದೆ. ಹುಣ್ಣಾದಾಗ ಬಹಳ ಮಂದಿ ಅದು ‘ಉಷ್ಣ’ವೆಂದು ಮಜ್ಜಿಗೆ ಕುಡಿಯುತ್ತಾರೆ, ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಗುಳಿಗೆ ತಂದು ನುಂಗುತ್ತಾರೆ. ಹಲ್ಲಿನ ಅಂಚು ಹಾಗೆಯೇ ಇರುವಾಗ ಹುಣ್ಣು ಮಾಯುವುದಾದರೂ ಹೇಗೆ? ದಂತವೈದ್ಯರು ಆ ಅಂಚನ್ನು ನಯ ಮಾಡಲು ಕೆಲವೇ ನಿಮಿಷ ಸಾಕು. ಮನೆಯಲ್ಲಿ ಉಗುರು ಉಜ್ಜುವ ಅರ ಹಿಡಿಯುವ ಸಾಹಸ ಮಾತ್ರ ಬೇಡ.

ಚೂಪು ತೆಗೆದ ಮೇಲೆ ಹುಣ್ಣು ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ. ಹಾಗೆ ಮಾಯದಿದ್ದರೆ, ಅಂಚು ಗಟ್ಟಿಯಾಗಿದ್ದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒಂದು ಚೂರು ತೆಗೆದು ಪರೀಕ್ಷಿಸಬೇಕಾಗಬಹುದು. ನೋವಿಲ್ಲವೆಂದು ಸುಮ್ಮನಿರಬೇಡಿ. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ನೋಯದೇ ಇರುವುದುಂಟು. ಮನೆಯಲ್ಲಿ ಹೊಗೆಸೊಪ್ಪು, ಗುಟ್ಕಾ, ಅಡಿಕೆ ಜಗಿಯುವ ಹಿರಿಯರಿದ್ದರೆ ಈ ಭಾನುವಾರ ಅವರನ್ನು ಬೆಳಕಿನಲ್ಲಿ ಕೂರಿಸಿ, ನಾಲಿಗೆಯ ಎರಡೂ ಪಕ್ಕ ನೋಡಿ.